ದೇಹಭಾರ ಇಳಿಸಿದ ಬಗೆ

ಬನವಾಸಿಯಲ್ಲಿ ಗದ್ದೆ ಗೇಯುತ್ತಿದ್ದ ನಮ್ಮ ಅಜ್ಜನವರು ಮೂರು ಹೊತ್ತು ಅನ್ನವುಂಡರೂ ಸ್ಥೂಲಕಾಯರಾಗಲಿಲ್ಲ. ದುಡಿಮೆಯೇ ಅದನ್ನು ಅರಗಿಸುತ್ತಿತ್ತು. ಪಾಠ ಹೇಳಿ ನಿವೃತ್ತನಾದ ನನ್ನ ಪಾಲಿಗೆ ಅವರ ಊಟವಷ್ಟೇ ಉಳಿದಿತ್ತು. ರಕ್ತದಲ್ಲಿ ಸಕ್ಕರೆಯ ಅಂಶ ಏರಿತು; ಸೊಂಟದ ಸುತ್ತಳತೆ 98 ಸೆಂಟಿಮೀಟರ್. ಭಾರತೀಯ ಪುರುಷರಿಗೆ ಅದು 90 ದಾಟಿದರೆ ಅಪಾಯವೆಂದರು ವೈದ್ಯರು. ಮಧುಮೇಹದಿಂದ ನನ್ನಣ್ಣ ದೃಷ್ಟಿ ಕಳೆದುಕೊಂಡಿದ್ದರಿಂದ ಆ ಮಾತು ಎದೆಗೆ ನಾಟಿತು.

ಅನ್ನವನ್ನು ಅರ್ಧಕ್ಕಿಳಿಸಿ ಹೆಸರುಕಾಳು, ಸೊಪ್ಪಿನ ಪಲ್ಯಗಳನ್ನು ಹೆಚ್ಚಿಸಿದೆ. ನಿತ್ಯ ನಸುಕಿನಲ್ಲಿ ಮಧುಕೇಶ್ವರ ದೇವಾಲಯದ ಬಳಿಯಿಂದ ವರದೆಯ ದಂಡೆಗುಂಟ ಮುಕ್ಕಾಲು ಗಂಟೆ ಬಿರುಸಿನ ನಡಿಗೆ. ಮಳೆಗಾಲದಲ್ಲಿ ಮನೆಯ ಜಗಲಿಯೇ ಹಾದಿ. ಕಠಿಣವೆನಿಸಿದ್ದು ನಡಿಗೆಯಲ್ಲ, ನೆಂಟರ ಪಂಕ್ತಿಯಲ್ಲಿ ಎರಡನೆಯ ಹೋಳಿಗೆಗೆ ಕೈ ಅಡ್ಡ ಹಿಡಿಯುವುದು! ಮೊದಲ ವಾರಗಳ ಇಳಿಕೆಯಲ್ಲಿ ನೀರಿನ ಪಾಲೇ ಹೆಚ್ಚೆಂದು ತಿಳಿದಿದ್ದರಿಂದ ಹಿಗ್ಗಲಿಲ್ಲ. 9 ತಿಂಗಳಲ್ಲಿ 7 ಕಿಲೋ ಇಳಿದಿದೆ. ಸುತ್ತಳತೆ ಈಗ 91.