ಕೆಂಡದಲ್ಲಿ ಸುಟ್ಟ ಕುಂಬಳಕಾಯಿ

ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿನಿಯರು ಎಲ್ಲಿಯೇ ಕಲೆತರೂ ಪಾಠದ ಮಾತಿಗಿಂತ ಮುಂಚೆ ಊಟದ ಮಾತು ಬರುವುದು ವಾಡಿಕೆ. ಗಣಿತದ ಸೂತ್ರಗಳನ್ನು ಮರೆತವರು ಉಂಟು. ಕಾರ್ತಿಕದ ಚಳಿಯಲ್ಲಿ ವಿದ್ಯಾರ್ಥಿನಿಲಯದ ಹಂಡೆಯೊಲೆಯ ಸುತ್ತ ಕುಳಿತು ತಿಂದ ಸುಟ್ಟ ಕುಂಬಳಕಾಯಿಯನ್ನು ಮರೆತವರು ಇಲ್ಲ. ಈ ಸಂಚಿಕೆಗಾಗಿ ಏನಾದರೂ ಬರೆದುಕೊಡಬೇಕೆಂದು ಕೇಳಿದಾಗ, ಆ ಪದ್ಧತಿಯು ನಮ್ಮಲ್ಲಿ ಹೇಗೆ ಮೊದಲಾಯಿತೆಂಬುದನ್ನು ಬರೆದಿಡುವುದೇ ಯುಕ್ತವೆಂದು ನನಗೆ ತೋರಿತು. ಅದರಲ್ಲಿ ನನ್ನದೊಂದು ತಪ್ಪೂ ಸೇರಿರುವುದರಿಂದ ಇದುವರೆಗೆ ಪೂರ್ತಿಯಾಗಿ ಯಾರಿಗೂ ಹೇಳಿರಲಿಲ್ಲ.

ನಮ್ಮ ಮಕ್ಕಳು ಬರುವ ನಾಲ್ಕು ತಾಲ್ಲೂಕುಗಳಲ್ಲಿ ಕುಂಬಳದ ಬಳ್ಳಿಯಿಲ್ಲದ ಊರನ್ನು ನಾನು ಕಂಡಿಲ್ಲ. ಹಿಂದೆ ಎಡತೊರೆಯೆನಿಸಿದ್ದ ಕೃಷ್ಣರಾಜನಗರದ ಸೀಮೆಯಲ್ಲಿ ಅದು ನಾಲೆಯ ಬದುಗಳ ಮೇಲೆ ಹಬ್ಬುತ್ತದೆ. ಹುಣಸೂರು, ಪಿರಿಯಾಪಟ್ಟಣಗಳಲ್ಲಿ ಹೊಗೆಸೊಪ್ಪನ್ನು ಹದಮಾಡುವ ಬ್ಯಾರನ್ನುಗಳ ಪಕ್ಕದ ತಿಪ್ಪೆಯ ಮೇಲೆ. ಹೆಗ್ಗಡದೇವನಕೋಟೆಯಲ್ಲಿ ರಾಗಿಯ ಹೊಲದ ಅಂಚಿನಲ್ಲಿಯೂ ಮನೆಯ ಮಾಡಿನ ಮೇಲೆಯೂ. ಮುಂಗಾರಿನಲ್ಲಿ ಊರಿದ ಬೀಜವು ಮಹಾನವಮಿಗೂ ದೀಪಾವಳಿಗೂ ನಡುವೆ ಬಲಿತ ಕಾಯನ್ನು ಕೊಡುತ್ತದೆ. ತೊಟ್ಟು ಒಣಗಿ, ಉಗುರು ಊರಿದರೆ ಸಿಪ್ಪೆಯೊಳಕ್ಕೆ ಇಳಿಯದಂತಾದಾಗ ಕೊಯ್ದಿಟ್ಟ ಕಾಯಿ ತಿಂಗಳುಗಟ್ಟಲೆ ಕೆಡದು. ಆದಕಾರಣ ಬಡವರ ಮನೆಯ ಅಟ್ಟದಲ್ಲಿ ಅದೊಂದು ಇಡುಗಂಟು. ಇಷ್ಟು ನಮ್ಮದಾಗಿರುವ ಈ ಸಿಹಿಗುಂಬಳವು ಮೂಲತಃ ಅಮೇರಿಕಾ ಖಂಡದ್ದು. 1492ರಲ್ಲಿ ಕೊಲಂಬಸನು ಆ ಕಡೆಗೆ ಹೋಗುವುದಕ್ಕೆ ಮುಂಚೆ ನಮ್ಮ ದೇಶದಲ್ಲಿ ಇದನ್ನು ಕಂಡವರಿಲ್ಲ. ಆಯುಧಪೂಜೆಯ ದಿನ ಒಡೆಯುವ ಬೂದುಗುಂಬಳವು ಬೇರೆಯ ಜಾತಿಯದು, ಅದು ಏಷ್ಯಾದ್ದೇ. ಹೊರಗಿನಿಂದ ಬಂದದ್ದು ತಿಪ್ಪೆಯ ಮೇಲೆ ಬೇರೂರಿ ಮನೆಯದೇ ಆಗಿಬಿಟ್ಟಿತು.

2003ನೆಯ ಇಸವಿಯಲ್ಲಿ ನಾನು ಬಿ.ಎಡ್. ಮುಗಿಸಿ ಬಂದ ಹೊಸ ಉಪಾಧ್ಯಾಯಿನಿ. ವಿದ್ಯಾರ್ಥಿನಿಲಯದ ಮೇಲ್ವಿಚಾರಣೆಯನ್ನೂ ನನಗೆ ಒಪ್ಪಿಸಿದ್ದರು. ಮಳೆ ಕೈಕೊಟ್ಟ ವರ್ಷಗಳು ಅವು. ಹೊಲಗಳಲ್ಲಿ ರಾಗಿ ಮೊಳಕಾಲೆತ್ತರಕ್ಕೆ ಬಂದು ಸುಟ್ಟುಹೋಗಿತ್ತು. ಆದರೂ ನವೆಂಬರಿನಲ್ಲಿ ದೇವಾಲಯದ ಸುಗ್ಗಿಹಬ್ಬವನ್ನು ನಡೆಸದೆ ಬಿಡಲಿಲ್ಲ. ಜನರು ತಂದ ಫಲವಸ್ತುಗಳನ್ನು ಆರಾಧನೆಯಾದ ಮೇಲೆ ಹರಾಜು ಹಾಕಿ, ಬಂದ ಹಣವನ್ನು ಬಡ ಹುಡುಗಿಯರ ಊಟದ ನಿಧಿಗೆ ಸೇರಿಸುವುದು ಪದ್ಧತಿ. ಎಂಟನೆಯ ತರಗತಿಯಲ್ಲಿ ಹೆಗ್ಗಡದೇವನಕೋಟೆಯ ಕಡೆಯ ಒಬ್ಬ ಹುಡುಗಿಯಿದ್ದಳು. ಕ್ರೈಸ್ತಳಲ್ಲ, ಕಾಣಿಕೆ ತರಬೇಕೆಂದು ಆಕೆಗೆ ಯಾರೂ ಹೇಳಿರಲಿಲ್ಲ. ದಸರಾ ರಜೆ ಮುಗಿಸಿ ಬರುವಾಗ ಬಸ್ಸಿನಲ್ಲಿ ಮಡಿಲಲ್ಲಿಟ್ಟುಕೊಂಡು ತಂದಿದ್ದ ಒಂದು ಕುಂಬಳಕಾಯನ್ನು ಹಬ್ಬದ ಹಿಂದಿನ ದಿನ ನನ್ನ ಮುಂದಿಟ್ಟಳು.

ನಾನು ಆ ದಿನ ಹಣದ ಲೆಕ್ಕದಲ್ಲಿ ಮುಳುಗಿದ್ದೆ. “ಇದನ್ನು ಹರಾಜಿನಲ್ಲಿ ಯಾರು ಕೂಗುತ್ತಾರೆ, ಮಗು? ಒಂದು ತೆಂಗಿನಕಾಯಿಯಾದರೂ ಸಿಕ್ಕಲಿಲ್ಲವೆ?” ಎಂದೆ. ಸುತ್ತಲಿದ್ದ ಹುಡುಗಿಯರು ನಕ್ಕರು; ನಾನೂ ನಕ್ಕಿರಬೇಕು. “ಆಗಲಿ, ಮಿಸ್” ಎಂದು ಆಕೆ ಕಾಯನ್ನೆತ್ತಿಕೊಂಡು ಹೊರಟುಹೋದಳು.

ಹಬ್ಬ ಮುಗಿದ ಸಂಜೆ ಸ್ನಾನದ ಮನೆಯ ಹಿಂದೆ ಹೊಗೆಯನ್ನು ಕಂಡು ಗದರಿಸಲೆಂದು ಹೋದೆ. ಹಂಡೆಯೊಲೆಯ ಮುಂದೆ ಹತ್ತು ಹನ್ನೆರಡು ಹುಡುಗಿಯರೊಂದಿಗೆ ಅಡಿಗೆಯ ಅಜ್ಜಿ ಕುಳಿತಿದ್ದರು. ಆ ಹುಡುಗಿಯು ಕೋಲಿನಿಂದ ಬೂದಿಯನ್ನು ಸರಿಸಿ ಕರಿಬಣ್ಣಕ್ಕೆ ತಿರುಗಿದ್ದ ಕಾಯನ್ನು ಹೊರಗೆಳೆದಳು. ಅಜ್ಜಿಯವರು ಮುತ್ತುಗದೆಲೆಯ ಮೇಲೆ ಒಂದು ಹೋಳನ್ನಿಟ್ಟು, “ತಗಳಿ ಮಿಸ್ಸಮ್ಮ, ಬಿಸಿಗೇ ತಿನ್ನಬೇಕು” ಎಂದರು. ಅಂತಹ ಸವಿಯನ್ನು ನಾನು ಅದುವರೆಗೆ ಕಂಡಿರಲಿಲ್ಲ. ತಿಂದು ಮುಗಿಸಿದ ಮೇಲೆ ಅಜ್ಜಿಯವರು ನನ್ನೊಬ್ಬಳಿಗೇ ಕೇಳುವಂತೆ ಹೇಳಿದರು: ಆ ವರ್ಷ ಅವರ ಬಳ್ಳಿಯಲ್ಲಿ ಬಲಿತದ್ದು ಅದೊಂದೇ ಕಾಯಂತೆ. ಬಿತ್ತನೆಗೆಂದು ಇಟ್ಟಿದ್ದ ಅದನ್ನು, ಬಾಕಿಯಿದ್ದ ಎರಡು ತಿಂಗಳ ಊಟದ ಹಣಕ್ಕೆ ಪ್ರತಿಯಾಗಿಯಾದರೂ ಆಗಲೆಂದು ತಾಯಿ ಕಳುಹಿಸಿದ್ದಳಂತೆ. ಆ ಬಾಕಿಯ ಚೀಟಿಯನ್ನು ಬರೆದು ಕಳುಹಿಸಿದವಳು ನಾನೇ. ಬಡ ವಿಧವೆಯ ಎರಡು ಕಾಸಿನ ಪಾಠವನ್ನು ಅದೇ ವಾರ ಮಕ್ಕಳಿಗೆ ಹೇಳಿದ್ದವಳೂ ನಾನೇ.

ಆ ರಾತ್ರಿಯೇ ಆಕೆಯನ್ನು ಕರೆದು ಕ್ಷಮೆ ಬೇಡಬೇಕಾಗಿತ್ತು. ಉಪಾಧ್ಯಾಯಿನಿಯ ಗೌರವವೆಂಬ ಒಂದು ಹುಸಿಯಾದ ಭಾವನೆಯು ನನ್ನನ್ನು ತಡೆಯಿತು. ನಾಳೆ ನಾಳೆಯೆನ್ನುತ್ತಿರುವಾಗಲೇ ಕ್ರಿಸ್ಮಸ್ ರಜೆ ಬಂದಿತು. ರಜೆಯ ನಂತರ ಆಕೆ ಹಿಂದಿರುಗಲಿಲ್ಲ. 2004ರ ಜನವರಿಯಲ್ಲಿ ನಾನೂ ಇನ್ನೊಬ್ಬ ಉಪಾಧ್ಯಾಯಿನಿಯೂ ಆಕೆಯ ಊರಿಗೆ ಹೋದೆವು. ಮನೆಗೆ ಬೀಗ ಹಾಕಿತ್ತು. ಕಾಫಿ ಕೊಯ್ಯಲು ಮನೆಮಂದಿಯೆಲ್ಲ ಕೊಡಗಿಗೆ ಹೋಗಿರುವರೆಂದು ನೆರೆಯವರು ಹೇಳಿದರು; ಯಾವ ತೋಟವೆಂಬುದು ಅವರಿಗೂ ತಿಳಿಯದು. ಬರೆದ ಎರಡು ಕಾಗದಗಳಿಗೆ ಉತ್ತರ ಬರಲಿಲ್ಲ. ಆಕೆಯ ವರ್ಗಾವಣೆಯ ಪತ್ರವನ್ನು ಕೇಳಿಕೊಂಡು ಇಂದಿನವರೆಗೆ ಯಾರೂ ಬಂದಿಲ್ಲ. ನನ್ನ ಮಾತಿಗೂ ಆಕೆ ಬಾರದಿದ್ದುದಕ್ಕೂ ಸಂಬಂಧವುಂಟೆಂದು ಹೇಳಲಾರೆ. ಬರಗಾಲವೊಂದೇ ಸಾಕಾದ ಕಾರಣ. ಆದರೆ ಸಂಬಂಧವಿಲ್ಲವೆಂದು ಹೇಳುವ ಧೈರ್ಯವೂ ನನಗಿಲ್ಲ.

ಬೇಸಗೆಯಲ್ಲಿ ಸೌದೆಮನೆಗೆ ಸುಣ್ಣ ಹೊಡೆಸುವಾಗ ಗೋಡೆಯ ಮೇಲೆ ಸಗಣಿ ಬೂದಿಗಳಲ್ಲಿ ಮೆತ್ತಿದ್ದ ಕುಂಬಳದ ಬೀಜಗಳು ಕಂಡವು. ಸುಡುವುದಕ್ಕೆ ಮುಂಚೆಯೇ ಆಕೆ ಬೀಜಗಳನ್ನು ತೆಗೆದು, ಊರಿನವರು ಮಾಡುವಂತೆ ಜೋಪಾನಮಾಡಿದ್ದಳು. ಆ ಜೂನ್ ತಿಂಗಳಲ್ಲಿ ಅವನ್ನು ಬಾವಿಯ ಬಳಿ ಊರಿದೆವು. ಅಂದಿನಿಂದ ಪ್ರತಿ ವರ್ಷವೂ ಅದೇ ಬಳ್ಳಿಯ ಸಂತತಿ. ಬೆಂಗಳೂರಿನ ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರ ‘ಅರ್ಕ ಚಂದನ್’ ಎಂಬ ಒಳ್ಳೆಯ ತಳಿಯನ್ನು ಬೆಳೆಯಬಾರದೇಕೆಂದು ಪೋಷಕರೊಬ್ಬರು ಸೂಚಿಸಿದುದುಂಟು. ಅದರ ಗುಣದಲ್ಲಿ ನನಗೆ ಸಂದೇಹವಿಲ್ಲ. ಆದರೂ ಈ ಬೀಜವನ್ನು ಬಿಡಲಾರೆ.

ಮದುವೆಯಾಗಿ ಹೋದ ಹಲವರು ವಿಧಾನವನ್ನು ಕೇಳಿ ಬರೆಯುತ್ತಿರುವುದರಿಂದ ಅದನ್ನೂ ಹೇಳುತ್ತೇನೆ. ಎರಡು ಮೂರು ಕಿಲೋ ತೂಗುವ, ಕೊಯ್ದು ಒಂದು ತಿಂಗಳಾದರೂ ಆದ ಕಾಯನ್ನು ಆರಿಸಿರಿ; ಇಟ್ಟಷ್ಟು ದಿನವೂ ಅದರೊಳಗಿನ ಪಿಷ್ಟವು ಸಕ್ಕರೆಯಾಗಿ ಮಾರ್ಪಡುತ್ತಿರುತ್ತದೆ. ತೊಟ್ಟಿನ ಸುತ್ತ ಮುಚ್ಚಳದಂತೆ ಕೊಯ್ದು ತೆಗೆದು, ತಿರುಳಿನ ನಾರನ್ನೂ ಬೀಜವನ್ನೂ ತೋಡಿ, ಮುಚ್ಚಳವನ್ನು ಸಡಿಲವಾಗಿ ಮುಚ್ಚಬೇಕು. ಕೊಯ್ಯದೆ ಇಡೀ ಕಾಯನ್ನೇ ಸುಟ್ಟರೆ ಒಳಗಿನ ಹಬೆಗೆ ದಾರಿಯಿಲ್ಲದೆ ಸಿಡಿದೀತು. ಉರಿಯಲ್ಲಿ ಇಡಬಾರದು, ಉರಿ ಇಳಿದ ಮೇಲೆ ಬಿಸಿಬೂದಿಯಲ್ಲಿ ಹುಗಿದು ಸುತ್ತ ಕೆಂಡವನ್ನು ಒಟ್ಟಿ, ಒಂದು ಗಂಟೆಯ ಮೇಲೆ ಕಡ್ಡಿ ಚುಚ್ಚಿ ನೋಡಬೇಕು. ನೀರಿನಲ್ಲಿ ಬೇಯಿಸಿದಾಗ ಸವಿಯು ನೀರಿಗೆ ಹೋಗುತ್ತದೆ. ಕೆಂಡದಲ್ಲಿ ನೀರು ಹೋಗಿ ಸವಿ ಉಳಿಯುತ್ತದೆ. ಉಪ್ಪು, ಜಜ್ಜಿದ ಹಸಿಮೆಣಸಿನಕಾಯಿ, ಒಂದು ಚಮಚ ತುಪ್ಪ ಬೆರೆಸಿದರೆ ಮುದ್ದೆ ಉಪ್ಪುಸಾರಿನ ಊಟಕ್ಕೆ ನಂಚಿಕೊಳ್ಳಲು ಅದಕ್ಕಿಂತ ಮೇಲಿಲ್ಲ. ತುಪ್ಪವನ್ನು ರುಚಿಗೆಂದು ಮಾತ್ರ ಹೇಳಲಿಲ್ಲ. ಕುಂಬಳದ ಹಳದಿ ಬಣ್ಣವೇ ಶರೀರದಲ್ಲಿ ಎ ಜೀವಸತ್ವವಾಗುವ ವಸ್ತು. ಜಿಡ್ಡಿಲ್ಲದಿದ್ದರೆ ಅದು ಚೆನ್ನಾಗಿ ಮೈಗೆ ಹತ್ತದು. ಈ ಜೀವಸತ್ವದ ಕೊರತೆಯಿಂದ ಬರುವ ಇರುಳುಗುರುಡನ್ನೂ ಅಂಧತ್ವವನ್ನೂ ತಡೆಯಲು 1970ರಲ್ಲಿ ಕೇಂದ್ರ ಸರಕಾರವು ಮಕ್ಕಳಿಗೆ ಔಷಧ ಕುಡಿಸುವ ಯೋಜನೆಯನ್ನು ಆರಂಭಿಸಬೇಕಾಯಿತು. ತಿಪ್ಪೆಯ ಮೇಲಿನ ಕಾಯನ್ನು ಹೀನವೆಂದೆಣಿಸುವವರು ಇದನ್ನು ನೆನೆಯಲಿ.

ಸುಗ್ಗಿಹಬ್ಬದಲ್ಲಿ ನಮ್ಮ ಶಾಲೆಯ ಮೇಜಿನ ಮೇಲೆ ಈಗ ಮೊದಲು ಇಡುವುದು ಬಾವಿಯ ಬಳಿಯ ಕುಂಬಳಕಾಯಿ. ಅದನ್ನು ಹರಾಜು ಹಾಕುವುದಿಲ್ಲ; ಸಂಜೆ ಕೆಂಡದಲ್ಲಿ ಸುಟ್ಟು ಎಲ್ಲರಿಗೂ ಹಂಚುತ್ತೇವೆ. ಮಕ್ಕಳು ಏನನ್ನು ತಂದರೂ ಉಪಾಧ್ಯಾಯಿನಿಯರು ಎದ್ದು ನಿಂತು ಎರಡು ಕೈಗಳಿಂದ ತೆಗೆದುಕೊಳ್ಳಬೇಕೆಂಬ ನಿಯಮವನ್ನು ನಾನು ಮುಖ್ಯೋಪಾಧ್ಯಾಯಿನಿಯಾದ ವರ್ಷ ಬರೆದಿಟ್ಟೆ. ಕಾರಣವನ್ನು ಈ ದಿನ ಹೇಳಿದ್ದೇನೆ.

ಪೋಷಕರಲ್ಲಿ ಒಂದು ವಿಜ್ಞಾಪನೆ. ಊಟದ ಹಣ ಕೂಡಿಬಾರದ ವರ್ಷ ಮಗಳನ್ನು ಶಾಲೆಯಿಂದ ಬಿಡಿಸುವುದಕ್ಕೆ ಮುಂಚೆ ಒಮ್ಮೆ ನನ್ನ ಬಳಿಗೆ ಬನ್ನಿರಿ. ಬರಿಗೈಯಲ್ಲಿಯೇ ಬರಬಹುದು. ಹಳೆಯ ವಿದ್ಯಾರ್ಥಿನಿಯರಲ್ಲಿ ಇನ್ನೊಂದು ವಿಜ್ಞಾಪನೆ. 2003ರಲ್ಲಿ ಎಂಟನೆಯ ತರಗತಿಯಲ್ಲಿದ್ದ ನಿಮ್ಮ ಆ ಗೆಳತಿಯನ್ನು ನಿಮ್ಮಲ್ಲಿ ಯಾರಾದರೂ ಬಲ್ಲಿರಾದರೆ ಈ ಸಂಚಿಕೆಯ ಒಂದು ಪ್ರತಿಯನ್ನು ಆಕೆಗೆ ಮುಟ್ಟಿಸಿರಿ. ಆಕೆಯ ಬೀಜವು ಕೆಡಲಿಲ್ಲವೆಂದೂ, ಆಕೆಗೆ ಹೇಳಬೇಕಾದ ಒಂದು ಮಾತನ್ನು ನಾನು ಇನ್ನೂ ಹೇಳಿಲ್ಲವೆಂದೂ ತಿಳಿಸಿರಿ.