ಕಂಟ್ರೋಲ್ ಟೋಟಲ್

ಹೈದರಾಬಾದಿನ ಕುಷಾಯಿಗೂಡದ ಹತ್ತಿರವೇ ಇಸಿಐಎಲ್. 1967ರಲ್ಲಿ ಎ. ಎಸ್. ರಾವ್ ಅವರ ಮುಂದಾಳತ್ವದಲ್ಲಿ ಹುಟ್ಟಿದ ಈ ಸಂಸ್ಥೆ 1969ರಲ್ಲೇ ಟಿಡಿಸಿ-12 ಕಂಪ್ಯೂಟರನ್ನು ಹೊರತಂದಿತು. ಆ ಹೆಸರಿನ 'ಟಿ' ಎಂದರೆ ಟ್ರಾಂಬೆ. ರಾಯಚೂರಿನಿಂದ ನಾನು ಇಲ್ಲಿಗೆ ಬಂದಾಗ ಸುತ್ತಲೂ ಸಣ್ಣ ವರ್ಕ್‌ಶಾಪುಗಳು ತುಂಬಿದ್ದವು. ಅವುಗಳ ಜಾಬ್ ಕಾರ್ಡುಗಳನ್ನು ಪಂಚ್ ಮಾಡುವ ಕಚೇರಿಯೊಂದರಲ್ಲಿ ನನಗೆ ಕೆಲಸ ಸಿಕ್ಕಿತು.

ಒಂದು ಪಂಚ್ ಕಾರ್ಡಿಗೆ 80 ಕಾಲಂ. ಕೆಲಸಗಾರರ ನಂಬರು, ಜಾಬ್ ನಂಬರು, ಗಂಟೆ, ಎಲ್ಲಕ್ಕೂ ಗೊತ್ತುಮಾಡಿದ ಜಾಗ. ಒಬ್ಬರು ಪಂಚ್ ಮಾಡಿದ್ದನ್ನು ಇನ್ನೊಬ್ಬರು ವೆರಿಫೈಯರ್ ಮೇಲೆ ಮತ್ತೆ ಒತ್ತಬೇಕು. ಎರಡೂ ಒಂದೇ ಆಗದಿದ್ದರೆ ಯಂತ್ರ ತಡೆಯುತ್ತಿತ್ತು. ಪ್ರತಿ ಕಟ್ಟಿನ ಮೇಲೂ ಒಂದು ಚೀಟಿ ಇರುತ್ತಿತ್ತು: ಕಾರ್ಡು ಎಷ್ಟು, ಒಟ್ಟು ಗಂಟೆ ಎಷ್ಟು. ಅದು ಕೈಯಲ್ಲಿ ಕೂಡಿಸಿ ಬರೆದ ಕಂಟ್ರೋಲ್ ಟೋಟಲ್. ಕಾರ್ಡುಗಳನ್ನು ಜಾಬ್ ನಂಬರಿನ ಪ್ರಕಾರ ಜೋಡಿಸಿ ಓಡಿಸಿದರೆ, ನಂಬರು ಬದಲಾದಲ್ಲೆಲ್ಲ ಒಂದು ಮೊತ್ತ ಅಚ್ಚಾಗುತ್ತಿತ್ತು. "ಚೀಟಿಗೆ ತಾಳೆ ಆತೇನ್ರಿ?" ಎಂದು ಕಲಬುರಗಿ ಕಡೆಯ ನಮ್ಮ ಹಿರಿಯರು ಕೇಳದೆ ಒಂದು ಹಾಳೆಯೂ ಹೊರಗೆ ಹೋಗುತ್ತಿರಲಿಲ್ಲ.

ಆಮೇಲೆ ಟರ್ಮಿನಲ್ ಬಂತು, ಯುನಿಕ್ಸ್ ಬಂತು, ಅದರೊಳಗೆ ಆಕ್. 1977ರಲ್ಲಿ ಬೆಲ್ ಲ್ಯಾಬ್ಸ್‌ನ ಆಹೋ, ವೈನ್‌ಬರ್ಗರ್, ಕರ್ನಿಹಾನ್ ರೂಪಿಸಿದ ಪುಟ್ಟ ಭಾಷೆ. ಮೂವರ ಹೆಸರಿನ ಮೊದಲಕ್ಷರಗಳೇ ಅದರ ಹೆಸರು. ಅದಕ್ಕೆ ಮೊದಲೇ ಜೋಡಿಸಿಕೊಡುವ ಗೊಡವೆಯೇ ಬೇಡ. ಸಾಲು ಓದಿದ ಹಾಗೆ ಒಂದೊಂದು ಜಾಬ್ ನಂಬರಿಗೂ ತಾನೇ ಖಾನೆ ತೆರೆದು ಗಂಟೆಗಳನ್ನು ಕೂಡುತ್ತ ಹೋಗುತ್ತದೆ. ಒಂದು ಕೋಣೆಯವರ ಇಡೀ ದಿನದ ದುಡಿಮೆ ಒಂದೇ ಸಾಲಿನ ಆಜ್ಞೆಯಲ್ಲಿ ಮುಗಿದದ್ದನ್ನು ಕಂಡು ನನಗೆ ನಿಜವಾಗಿ ಸಂತೋಷವಾಯಿತು. ಕತ್ತು ನೋವು ಹೋಯಿತಲ್ಲ.

ಆದರೆ ಚೀಟಿಯೂ ಹೋಯಿತು. ಅದು ಹೋಗಬಾರದಿತ್ತು. ಆಕ್ ತಕರಾರು ಮಾಡುವುದಿಲ್ಲ. '1,25,000' ಎಂದಿದ್ದರೆ ಮೊದಲ ಅಲ್ಪವಿರಾಮದವರೆಗೆ ಮಾತ್ರ ಓದಿ, ಒಂದೇ ಒಂದು ಎಂದು ಕೂಡಿಸುತ್ತದೆ. ಅಂಕಿ ಇರಬೇಕಾದಲ್ಲಿ 'ನಿಲ್' ಎಂದಿದ್ದರೆ ಸೊನ್ನೆ. ಖಾಲಿ ಜಾಗದಲ್ಲಿ ಸಾಲನ್ನು ಒಡೆಯುವುದು ಅದರ ರೂಢಿ. ಹಾಗಾಗಿ ಹೆಸರು ಎರಡು ಪದವಾದರೆ ಮುಂದಿನ ಕಾಲಂಗಳೆಲ್ಲ ಒಂದು ಮನೆ ಸರಿಯುತ್ತವೆ. ಕೆಳಗೆ ಬರುವ ಮೊತ್ತ ಮಾತ್ರ ಅಚ್ಚುಕಟ್ಟಾಗಿರುತ್ತದೆ. ಹೀಗೆ ಲೆಕ್ಕ ತಪ್ಪಿದ ಸಾಲು ಯಾರದೋ ರಾತ್ರಿ ಪಾಳಿಯ ಓವರ್‌ಟೈಮ್ ಆಗಿರಬಹುದು.

ಈಗ ಸ್ಕ್ರಿಪ್ಟ್ ಕಲಿಯಲು ಬರುವ ಹುಡುಗ ಹುಡುಗಿಯರಿಗೆ ಕೂಡಿಸುವುದಕ್ಕಿಂತ ಮೊದಲು ನಾನು ಕಲಿಸುವುದು ಇದನ್ನು: ಕಾಲಂಗಳ ಎಣಿಕೆ ಸರಿಯಿರದ ಸಾಲು, ಅಂಕಿಯಲ್ಲದ ಗಂಟೆ ಬೇರೆ ಫೈಲಿಗೆ ಹೋಗಲಿ. ಓದಿದ ಸಾಲು, ಕೂಡಿದ ಸಾಲು, ತಳ್ಳಿದ ಸಾಲು, ಮೂರೂ ಕೊನೆಯಲ್ಲಿ ಅಚ್ಚಾಗಲಿ. ತಳ್ಳಿದ ಸಾಲುಗಳ ಫೈಲನ್ನು ಅವರು ಕಣ್ಣಿಟ್ಟು ಓದಿ, ವರ್ಕ್‌ಶಾಪಿಗೆ ಫೋನ್ ಮಾಡಿ ಕೇಳಿ, ತಿದ್ದಿ ಮತ್ತೆ ಓಡಿಸುತ್ತಾರೆ.