ಫ್ಯಾನ್ ಪಟ್ಟಾ

ನಮ್ಮ ಮನೆಯ ಅಂಬ್ಯಾಸಡರ್ ಕಾರಿಗೆ ಹಿರಿಯರ ಲಕ್ಷಣಗಳೆಲ್ಲ ಇವೆ: ಮೈ ಭಾರ, ನಡಿಗೆ ನಿಧಾನ, ಬೇಸಿಗೆಯಲ್ಲಿ ನೀರಡಿಕೆ ಬಹಳ. ಅದನ್ನು ತಯಾರಿಸುತ್ತಿದ್ದ ಉತ್ತರಪಾರಾದ ಕಾರಖಾನೆ 2014ರಲ್ಲಿಯೇ ಕೆಲಸ ನಿಲ್ಲಿಸಿತು. ಹಿಪ್ಪರಗಿಯ ನಮ್ಮ ಅಂಗಳದಲ್ಲಿ ಮಾತ್ರ ಅದಕ್ಕಿನ್ನೂ ನಿವೃತ್ತಿಯಿಲ್ಲ.

ಅಪ್ಪನ ಬಲಗೈಗೆ ಲಕ್ವ ಹೊಡೆದಂದಿನಿಂದ ಸ್ಟಿಯರಿಂಗು ನನ್ನ ಪಾಲಿಗೆ ಬಂದಿತ್ತು. ಪಾನಾ ಮಾತ್ರ ಬಂದಿರಲಿಲ್ಲ. ‘ನಿನಗ ತಿಳಿಯೂದಿಲ್ಲ’ ಎಂಬುದೇ ಅಪ್ಪನ ತೀರ್ಪು. ನನಗೂ ಅದರ ಸಿಟ್ಟಿತ್ತು.

ಮರುದಿನ ನಸುಕಿನಲ್ಲಿ ಅಜ್ಜಿಯನ್ನು ಕಣ್ಣಿನ ಶಸ್ತ್ರಚಿಕಿತ್ಸೆಗೆ ಮಿರಜಕ್ಕೆ ಕರೆದೊಯ್ಯಬೇಕು. ಹಿಂದಿನ ಸಂಜೆ ಗಾಡಿ ಕಿರ್ರೆಂದು ಕೂಗತೊಡಗಿತು. ಬಾನೆಟ್ ಎತ್ತಿ ನೋಡಿದರೆ ಪಟ್ಟಾದ ಒಳಮೈಯೆಲ್ಲ ಬಿರುಕು. ಒಂದು ಎಳೆ ಹರಿದು ಜೋತಾಡುತ್ತಿತ್ತು. ಈ ಒಂದೇ ಪಟ್ಟಾ ಫ್ಯಾನು, ನೀರಿನ ಪಂಪು, ಡೈನಮೋ ಮೂರನ್ನೂ ತಿರುಗಿಸುವುದು. ಅದು ಹರಿದರೆ ಎಂಜಿನ್ ಕುದಿಯುತ್ತದೆ, ಬ್ಯಾಟರಿ ಬರಿದಾಗುತ್ತದೆ. ಮೇಸ್ತ್ರಿ ಊರಲ್ಲಿರಲಿಲ್ಲ. ಡಿಕ್ಕಿಯಲ್ಲಿ ಅಪ್ಪ ಜೋಪಾನವಾಗಿಟ್ಟಿದ್ದ ಹೊಸ ಪಟ್ಟಾ ಒಂದಿತ್ತು. ಅಪ್ಪ ಬಲಗೈಯಿಂದ ಪಾನಾ ಹಿಡಿಯಲು ಹೋದ. ಅದು ಠಣ್ ಎಂದು ನೆಲಕ್ಕೆ ಬಿತ್ತು. ಎತ್ತಿಕೊಂಡೆ. ಅಪ್ಪ ಬೇಡವೆನ್ನಲಿಲ್ಲ.

ಎಂಜಿನ್ ಆರುವತನಕ ಕಾದು, ಬ್ಯಾಟರಿಯ ತಂತಿ ಬಿಚ್ಚಿದೆ. ಡೈನಮೋ ಹಿಡಿದ ಬೋಲ್ಟುಗಳನ್ನು ಸಡಿಲಿಸಿ ಅದನ್ನು ಎಂಜಿನ್ ಕಡೆಗೆ ತಳ್ಳಿದೆ. ಹಳೆಯ ಪಟ್ಟಾ ಜೋತುಬಿತ್ತು. ಅದನ್ನು ಫ್ಯಾನಿನ ಒಂದೊಂದೇ ರೆಕ್ಕೆ ದಾಟಿಸಿ ಹೊರತೆಗೆದೆ. ಹೊಸದನ್ನು ಹಾಗೆಯೇ ಒಳಗಿಳಿಸಿ ಗಾಲಿಗಳಿಗೆ ಕೂಡ್ರಿಸಿದೆ. ಆಮೇಲೆ ಗುದ್ದಲಿಯ ಕಾವಿನಿಂದ ಡೈನಮೋವನ್ನು ಹೊರಕ್ಕೆ ಮೀಟಿ, ಶಕ್ತಿಯಿದ್ದಷ್ಟೂ ಬಿಗಿದೆ. ಇನ್ನು ಜಾರುವ ಮಾತೇ ಇಲ್ಲವೆಂದು ಬೀಗಿದೆ.

ಅಪ್ಪ ಎಡಗೈ ಹೆಬ್ಬೆರಳಿನಿಂದ ಪಟ್ಟಾ ಒತ್ತಿ ನೋಡಿದ. “ಇದು ಏಕತಾರಿ ಅಲ್ಲೋ ತಮ್ಮಾ. ಸಡ್ಲ ಬಿಟ್ರ ಜಾರ್ತೈತಿ, ಬಾಳ ಬಿಗದ್ರ ಬೇರಿಂಗ ತಿಂತೈತಿ. ಅರ್ಧ ಇಂಚು ಬಾಗಬೇಕು.”

ಹಿಟ್ಟಿನ ಗಿರಣಿಯ ಚಪ್ಪಟೆ ಪಟ್ಟಾ ಗಾಲಿಯ ಮೈಗಂಟಿ ಓಡುತ್ತದೆ. ಈ ಪಟ್ಟಾ ಗಾಲಿಯ ಗಾಳಿಯಲ್ಲಿ ಬೆಣೆಯಂತೆ ಕೂತು, ಎರಡೂ ಮಗ್ಗುಲಿನಿಂದ ಹಿಡಿಯುತ್ತದೆ. ಆದ್ದರಿಂದ ಇದಕ್ಕೆ ಅತಿ ಬಿಗಿ ಬೇಕಿಲ್ಲ. ಇದನ್ನೆಲ್ಲ ಅಪ್ಪ ಬೈಯದೆ ತಿಳಿಸಿ ಹೇಳಿದ. ನಾನು ಮೂರು ಸಲ ಸಡಿಲಿಸಿ, ಮೂರು ಸಲ ಬಿಗಿದೆ. ಮೂರನೆಯ ಸಲ ಅಪ್ಪ ಹೆಬ್ಬೆರಳು ಒತ್ತಿ, ಏನೂ ಅನ್ನದೆ ಕೈ ತೊಳೆಯಲು ಎದ್ದ. ನಮ್ಮ ಮನೆಯಲ್ಲಿ ಅದೇ ಶಾಬಾಸ್‌ಗಿರಿ.

ಹೊಸ ಪಟ್ಟಾ ಓಡಿದಂತೆ ಸ್ವಲ್ಪ ಹಿಗ್ಗುತ್ತದೆ. ಮರುದಿನ ತೇರದಾಳ ದಾಟಿ ಕುಡಚಿಯಲ್ಲಿ ಗಾಡಿ ನಿಲ್ಲಿಸಿದೆ. ಎಂಜಿನ್ ಬಂದ್ ಮಾಡಿ, ಬಿಸಿ ಇಳಿದ ಮೇಲೆ ಒತ್ತಿ ನೋಡಿ ಕೊಂಚ ಬಿಗಿದೆ. ಅಪ್ಪ ಗಾಡಿಯಿಂದ ಇಳಿಯಲೇ ಇಲ್ಲ. ಒಳಗೆ ಕೂತು ಅಜ್ಜಿಯೊಡನೆ ಮಾತಾಡುತ್ತಿದ್ದ. ಆ ಕೂತಿದ್ದೇ ನನಗೆ ದೊಡ್ಡ ಬಹುಮಾನವೆನಿಸಿತು.

ಶಸ್ತ್ರಚಿಕಿತ್ಸೆಯ ಮರುದಿನ ಪಟ್ಟಿ ಬಿಚ್ಚಿದಾಗ ಅಜ್ಜಿ ನನ್ನ ಕೈಹಿಡಿದು ಬಹಳ ಹೊತ್ತು ನೋಡಿದಳು.

“ಉಗುರಾಗ ಏನೋ ಅದು, ಮಸಿ?”

ನಾನು ಕೈ ಹಿಂದಕ್ಕೆಳೆದುಕೊಂಡೆ. ಅಪ್ಪ ನಕ್ಕು ಹೇಳಿದ: “ಇರ್ಲಿ ಬಿಡವ್ವಾ. ಕೆಲಸ ಕಲ್ತಾನ.”